ಬುಧವಾರ ಸಂಜೆಯ ಪಟ್ಟಿ

ಗುರುವಾರ ನಮ್ಮಲ್ಲಿ ಲಸಿಕೆಯ ದಿನ. ಆದರೆ ನನ್ನ ಕೆಲಸ ಬುಧವಾರ ಸಂಜೆಯೇ, ರಿಜಿಸ್ಟರ್ ತೆರೆದು ಕುಳಿತಾಗ ಶುರುವಾಗುತ್ತದೆ. ಉಪಕೇಂದ್ರಕ್ಕೆ ಹೊಸದಾಗಿ ಬಂದಿರುವ ತಂಗಿಯರೇ, ಈ ಒಂದು ಗಂಟೆಯನ್ನು ಯಾರಿಗೂ ಬಿಟ್ಟುಕೊಡಬೇಡಿ.

ಮೊದಲು ಪೆಂಟಾ, ಅಂದರೆ ಐದು ರೋಗಗಳನ್ನು ತಡೆಯುವ ಲಸಿಕೆಯ ಲೆಕ್ಕ ಹಾಕಿ. 6 ವಾರಕ್ಕೆ ಮೊದಲ ಡೋಸ್ ಪಡೆದವರು 40 ಮಕ್ಕಳು, 14 ವಾರದ ಮೂರನೆಯದನ್ನು ಪಡೆದವರು 34 ಎಂದುಕೊಳ್ಳಿ. ಬಿಟ್ಟುಹೋದವರು ಶೇ. 15. ಶೇ. 10 ದಾಟಿದರೆ ಎಲ್ಲೋ ತೊಡಕಿದೆ ಎಂದೇ ಅರ್ಥ. ಹೋಲಿಸುವಾಗ ಒಂದೇ ತಿಂಗಳು ಹುಟ್ಟಿದ ಮಕ್ಕಳನ್ನೇ ಹಿಡಿಯಿರಿ. ತವರಿನಲ್ಲಿ ಮೊದಲ ಡೋಸ್ ಹಾಕಿಸಿಕೊಂಡು ಬಾಣಂತನ ಮುಗಿಸಿ ಬರುವ ಕೂಸುಗಳಿಂದಾಗಿ ಕೆಲವು ತಿಂಗಳು ಮೂರನೆಯ ಡೋಸೇ ಮೊದಲನೆಯದನ್ನು ಮೀರುತ್ತದೆ. ಆಗ ವರದಿ ಚೆನ್ನಾಗಿ ಕಾಣುತ್ತದೆ, ಬಿಟ್ಟುಹೋದ ಮಗು ಕಾಣುವುದಿಲ್ಲ.

ಈಗ ಆ 6 ಮಕ್ಕಳ ಹೆಸರು ಬರೆಯಿರಿ. ಊರು ಬಿಟ್ಟರೋ, ಬೇರೆಡೆ ಹಾಕಿಸಿದರೋ, ಹಾಕಿಸಲೇ ಇಲ್ಲವೋ? ಆಶಾ ಕಾರ್ಯಕರ್ತೆಯ ಜೊತೆ ಕುಳಿತು ಒಂದೊಂದಕ್ಕೂ ಉತ್ತರ ಹುಡುಕಿ. "ಹಾಕಿಸಿದ್ದೇವೆ" ಎಂಬ ಬಾಯಿಮಾತಿಗೆ ಗುರುತು ಹಾಕಬೇಡಿ, ತಾಯಿ ಕಾರ್ಡಿನಲ್ಲಿ ದಿನಾಂಕ ನೋಡಿ. ಫೋನ್ ನಂಬರ್ ಬದಲಾಗುತ್ತಿರುತ್ತದೆ, ಅಜ್ಜಿಯದನ್ನೂ ಬರೆದಿಟ್ಟುಕೊಳ್ಳಿ.

ಮಂಡ್ಯದ ಕಡೆ ನಾನಿದ್ದಾಗ ಹೀಗೆ ಬರೆದ ಆರು ಹೆಸರುಗಳಲ್ಲಿ ನಾಲ್ಕು ಒಂದೇ ಜಾಗದವು: ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬಂದವರ ಗುಡಾರಗಳು. ನಾವು ಬೆಳಗ್ಗೆ 10ಕ್ಕೆ ಹೋಗುತ್ತಿದ್ದೆವು, ತಾಯಂದಿರು ಕಟಾವಿನಲ್ಲಿರುತ್ತಿದ್ದರು. ಅವರಿಗೆ ಮನಸ್ಸಿಲ್ಲವೆಂದು ನಾವೇ ತೀರ್ಮಾನಿಸಿಬಿಟ್ಟಿದ್ದೆವು, ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಪಟ್ಟಿ ತೋರಿಸಿದ ಮೇಲೆ ವೈದ್ಯಾಧಿಕಾರಿಗಳು ಅಲ್ಲಿಗೆ ಸಂಜೆ ಹೊತ್ತು ಹೋಗಲು ಒಪ್ಪಿದರು.

ಒಬ್ಬ ತಾಯಿಯ ಕಾರ್ಡ್ ಊರಿನಲ್ಲೇ ಉಳಿದಿತ್ತು. ಅತ್ತೆಗೆ ಫೋನ್ ಮಾಡಿಸಿದೆವು. ನಾಲ್ಕು ಮಡಿಕೆಯ, ಅರಿಸಿನದ ಬೆರಳಚ್ಚು ಬಿದ್ದ ಕಾರ್ಡಿನ ಫೋಟೊ ಬಂತು: ಎರಡು ಪೆಂಟಾ ಆಗಿತ್ತು. ತಡವಾಯಿತೆಂದು ಮೊದಲಿನಿಂದ ಹಾಕಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಕಾರ್ಡ್ ಸಿಗದಿದ್ದರೆ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ನೋಂದಾಯಿಸಿದ ಮೊಬೈಲ್ ನಂಬರಿನಿಂದ ಹುಡುಕಿ. ಎಡತೋಳಿನಲ್ಲಿ ಬಿಸಿಜಿ (ಕ್ಷಯ ತಡೆಯುವ ಲಸಿಕೆ) ಕಲೆ ಇದೆಯೇ ನೋಡಿ. ಕಲೆ ಇಲ್ಲವೆಂದ ಮಾತ್ರಕ್ಕೆ ಲಸಿಕೆ ಆಗಿಲ್ಲ ಎಂದು ಬರೆಯಬೇಡಿ. ಹಾಕಿದ್ದನ್ನು ಆಗಲೇ, ಅಲ್ಲೇ ದಾಖಲಿಸಿ. ರಾತ್ರಿಯ ನೆನಪನ್ನು ನಂಬಬೇಡಿ.

ಅಂದು ಮೂರು ಹೆಸರುಗಳ ಮುಂದೆ ಗುರುತು ಬಿತ್ತು. ನಾಲ್ಕನೆಯ ಮಗುವಿಗೆ ಜೋರು ಜ್ವರವಿತ್ತು. ಆ ಗುಡಾರ ಯಾವಾಗ ಕೀಳುತ್ತಾರೆಂದು ಮೇಸ್ತ್ರಿಯನ್ನು ಕೇಳಿಕೊಂಡು, ಮಗುವಿನ ಹೆಸರನ್ನು ಮುಂದಿನ ಬುಧವಾರದ ಹಾಳೆಯ ಮೊದಲ ಸಾಲಿನಲ್ಲಿ ಬರೆದೆ.