ಜೇಡ, ಚೇಳು, ಉಣ್ಣೆ: ಕೊಡಗಿನ ಮನೆಯಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ತೋಟದ ಹುಳು-ಹುಪ್ಪಟೆಗಳು ಒಣಜಾಗ ಹುಡುಕಿಕೊಂಡು ಮನೆ ಸೇರುತ್ತವೆ. ಅವನ್ನು ತಿನ್ನಲು ಹಿಂದೆಯೇ ಜೇಡಗಳೂ ಬರುತ್ತವೆ. ಗೋಡೆಯ ಮೇಲೆ ದೊಡ್ಡ ಜೇಡ ಕಂಡರೆ ಪೊರಕೆ ಹಿಡಿದು ಓಡುವವರೇ ಹಂಡೆ ಒಲೆಗೆ ಸೌದೆ ತರುವಾಗ ಬರಿಗೈಯನ್ನು ರಾಶಿಯೊಳಗೆ ತೂರಿಸುತ್ತಾರೆ. ಇಲ್ಲಿ ಎಚ್ಚರ ಬೇಕಿರುವುದು ಮುಖ್ಯವಾಗಿ ಚೇಳು ಮತ್ತು ರಕ್ತ ಹೀರುವ ಉಣ್ಣೆಗಳ ವಿಷಯದಲ್ಲಿ. ಜೇಡಗಳಲ್ಲಿ ಹೆಚ್ಚಿನವನ್ನು ಅವುಗಳ ಪಾಡಿಗೆ ಬಿಟ್ಟರಾಯಿತು.

ಗೋಡೆಯ ಮೇಲಿನವು

ಬಚ್ಚಲುಮನೆ, ಅಟ್ಟ, ಉಗ್ರಾಣಗಳಲ್ಲಿ ರಾತ್ರಿ ಕಾಣುವ ಚಪ್ಪಟೆ ಮೈಯ ಕಂದು ಜೇಡ, ಕಾಲು ಚಾಚಿದರೆ 10 ಸೆಂ.ಮೀ. ದಾಟುವಂಥದ್ದು, ಹಂಟ್ಸ್‌ಮನ್ ಜೇಡ. ಇದು ಬಲೆ ಕಟ್ಟುವುದಿಲ್ಲ, ಓಡಿ ಹಿಡಿಯುತ್ತದೆ, ಜಿರಳೆಗಳನ್ನು ಚೆನ್ನಾಗಿ ತಿನ್ನುತ್ತದೆ. ಎದೆಯಡಿ ಬಿಳಿ ಬಿಲ್ಲೆ ಹಿಡಿದುಕೊಂಡಿದ್ದರೆ ಅದು ಮೊಟ್ಟೆಚೀಲ ಹೊತ್ತ ಹೆಣ್ಣು. ಹೊಡೆದು ಚೀಲ ಒಡೆದರೆ ನೂರಾರು ಮರಿಗಳು ಮನೆ ತುಂಬ ಹರಡಬಹುದು.

ಮೂಲೆಯಲ್ಲಿ ಅಡ್ಡಾದಿಡ್ಡಿ ಎಳೆ ಕಟ್ಟಿ, ಮುಟ್ಟಿದರೆ ಮೈಯನ್ನು ಗಡಗಡ ಅಲ್ಲಾಡಿಸುವ ಉದ್ದ ಕಾಲಿನದ್ದು ನಿರಪಾಯಕಾರಿ. ಕಿಟಕಿಯ ಬಳಿ ಹಗಲಲ್ಲೇ ನೆಗೆಯುವ ಸಣ್ಣದೂ ಅಷ್ಟೆ. ಕಾಫಿ ಸಾಲುಗಳ ನಡುವೆ ಹೊಂಬಣ್ಣದ ದೊಡ್ಡ ಬಲೆ ಕಟ್ಟುವ ಮರಜೇಡ ನೋಡಿದರೆ ಭಯವಾಗುತ್ತದೆ ನಿಜ. ಆದರೆ ಅದು ಬಲೆ ಬಿಟ್ಟು ಮನೆಯೊಳಗೆ ಬರುವ ಜಾತಿಯಲ್ಲ. ಮುಖಕ್ಕೆ ಬಲೆ ಸುತ್ತಿಕೊಳ್ಳದಿರಲು ಮುಂದೆ ನಡೆಯುವವರ ಕೈಯಲ್ಲೊಂದು ಕೋಲಿದ್ದರೆ ಸಾಕು.

ಬರಿಗೈ ಹಾಕಲೇಬಾರದ ಜೇಡ ಒಂದಿದೆ. ಬೂದು ಮೈಮೇಲೆ ಚಿತ್ತಾರ, ಮೈತುಂಬ ರೋಮ, ಅಂಗೈ ತುಂಬುವ ಗಾತ್ರ, ಎದುರು ನಿಂತು ಮುಂಗಾಲೆತ್ತಿದರೆ ಕಾಲಿನ ಅಡಿಭಾಗದಲ್ಲಿ ಹಳದಿ ಪಟ್ಟಿ. ಇದು ಮರದ ಪೊಟರೆಯಲ್ಲಿ ವಾಸಿಸುವ ಟ್ಯಾರಂಟುಲಾ. ಮರ ಕಪಾತಿನ ಸಮಯದಲ್ಲಿ ಪೊಟರೆ ಬಯಲಾದಾಗ ಎದುರಾಗಬಹುದು, ಹಳೆ ಮನೆಯ ತೊಲೆಯ ಸಂದಿಯಲ್ಲೂ ಇರಬಹುದು. ಪ್ರಾಣ ಹೋಗುವ ವಿಷ ಇದರದಲ್ಲ. ಆದರೆ ಕಚ್ಚಿದರೆ ಸ್ನಾಯುಗಳು ಹಿಡಿದುಕೊಳ್ಳುವ ನೋವು ಕೆಲವು ದಿನ ಬಿಡದೆ ಕಾಡಬಹುದು. ಆಸ್ಪತ್ರೆಗೆ ಹೋಗಿ.

ಹೊರಗೆ ಬಿಡುವುದು ಹೇಗೆ

ಸಣ್ಣದಕ್ಕೆ ಗಾಜಿನ ಲೋಟ ಮತ್ತು ಹಳೆ ಕ್ಯಾಲೆಂಡರಿನ ದಪ್ಪ ಹಾಳೆ ಸಾಕು. ಹಂಟ್ಸ್‌ಮನ್‌ಗೆ ಬಾಯಿ 15 ಸೆಂ.ಮೀ. ಅಗಲವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಬೇಕು. ಲೋಟ ಹಿಡಿದು ಹೋದರೆ ಕಾಲು ಅಂಚಿಗೆ ಸಿಕ್ಕಿ ಮುರಿಯುತ್ತದೆ, ಜೇಡ ನಿಮ್ಮ ತೋಳೇರಿ ಓಡುತ್ತದೆ. ಡಬ್ಬವನ್ನು ನಿಧಾನವಾಗಿ ಹತ್ತಿರ ತಂದು, ಕೊನೆಯ ಗೇಣು ಮಾತ್ರ ಚುರುಕಾಗಿ ಮುಚ್ಚಿ. ಹಾಳೆಯನ್ನು ಗೋಡೆಗೆ ಒತ್ತಿ ಕೆಳಗಿನಿಂದ ಜಾರಿಸಿ. ಜೇಡ ತಾನೇ ಮೇಲಕ್ಕೆ ಸರಿದುಕೊಳ್ಳುತ್ತದೆ. ಕನಿಷ್ಠ ಹತ್ತು ಹೆಜ್ಜೆ ಆಚೆ, ಸೌದೆಯಿಂದ ದೂರ, ಗಿಡದ ಬುಡದಲ್ಲಿ ಬಿಡಿ. ಹೋಂಸ್ಟೇ ನಡೆಸುವವರು ಪ್ರತಿ ಕೋಣೆಯಲ್ಲೂ ಇಂಥ ಡಬ್ಬವೊಂದನ್ನು ಇಟ್ಟರೆ ಮಧ್ಯರಾತ್ರಿಯ ಕಿರುಚಾಟ ಕಡಿಮೆಯಾಗುತ್ತದೆ.

ಸ್ಪ್ರೇ ನಂಬಬೇಡಿ. ಜೇಡ ಕಾಲಿನ ತುದಿಗಳ ಮೇಲೆ ನಡೆಯುವುದರಿಂದ, ನೆಲಕ್ಕೆ ಹೊಡೆದ ಔಷಧಿ ಅದರ ಮೈಗೆ ತಾಗುವುದು ಅಲ್ಪ. ಮಾಡಿಗೆ ಹೊಡೆದದ್ದು ಅಡುಗೆಯ ಮೇಲೆ ಬೀಳುತ್ತದೆ. ಬಲೆ ತೆಗೆಯಲು ಉದ್ದ ಗಳುವಿಗೆ ಒದ್ದೆ ಬಟ್ಟೆ ಸುತ್ತಿ, ಗುಡಿಸುವ ಬದಲು ತಿರುಗಿಸುತ್ತ ಸುತ್ತಿಕೊಳ್ಳಿ. ಗುಡಿಸಿದರೆ ಎಳೆ ಗೋಡೆಗೆ ಮೆತ್ತಿ ಕಪ್ಪು ಗೆರೆ ಉಳಿಯುತ್ತದೆ. ಮೊಟ್ಟೆಯ ಉಂಡೆ ಬಿಟ್ಟರೆ ಕೆಲಸ ಅರ್ಧ ಮಾತ್ರ ಆದಂತೆ. ಬಾಗಿಲ ನೆತ್ತಿಯ ಬಿಳಿ ಬಲ್ಬನ್ನು ತೆಗೆದು ಹಳದಿ ಬೆಳಕಿನ ಎಲ್‌ಇಡಿ ಹಾಕಿ, ಸಾಧ್ಯವಾದರೆ ದೀಪವನ್ನೇ ಬಾಗಿಲಿನಿಂದ ನಾಲ್ಕೈದು ಅಡಿ ಆಚೆಗೆ ಸರಿಸಿ. ಹುಳು ಬರದ ಕಡೆ ಜೇಡವೂ ನಿಲ್ಲದು.

ಬೆಳಗ್ಗೆ ಎದ್ದಾಗ ಕತ್ತಿನ ಮೇಲೆ ಉರಿಯುವ ಕೆಂಪು ಗೆರೆ ಕಂಡರೆ ‘ಜೇಡ ಹರಿದಿದೆ’ ಎಂದು ತೀರ್ಮಾನಿಸಬೇಡಿ. ಕಪ್ಪು-ಕಿತ್ತಳೆ ಪಟ್ಟೆಯ, ಒಂದು ಸೆಂ.ಮೀ.ಗಿಂತ ಚಿಕ್ಕದಾದ ಜೀರುಂಡೆಯೊಂದು ದೀಪಕ್ಕೆ ಬಂದು ಮೈಮೇಲೆ ಕೂರುತ್ತದೆ; ಅದನ್ನು ಉಜ್ಜಿ ಕೊಂದಾಗ ಹೊರಬರುವ ರಸದಿಂದ ಆಗುವ ಗಾಯ ಅದು. ಹುಳುವನ್ನು ಊದಿ ಹಾರಿಸಿ, ಸೋಪು ಹಾಕಿ ತೊಳೆಯಿರಿ. ಮೈಯ ಒಂದೇ ಬದಿಯಲ್ಲಿ ಪಟ್ಟಿಯಾಗಿ ನೀರುಗುಳ್ಳೆ ಎದ್ದು ನೋವಿದ್ದರೆ ಸರ್ಪಸುತ್ತು ಇರಬಹುದು. ಅದರ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ, ಹಾಗಾಗಿ ಲೇಪ ಹಚ್ಚುತ್ತ ದಿನ ಕಳೆಯಬೇಡಿ.

ಚೇಳು

ಬಣ್ಣ ನೋಡಿ ಅಂದಾಜು ಮಾಡಬೇಡಿ, ಕೊಂಬು (ಮುಂದಿರುವ ಇಕ್ಕಳದಂಥ ಕೈ) ಮತ್ತು ಬಾಲ ನೋಡಿ. ದಪ್ಪ ಕೊಂಬಿನ ದೊಡ್ಡ ಕರಿಚೇಳು ಕುಟುಕಿದರೆ ನೋವು ಜೋರು, ಪ್ರಾಣಾಪಾಯ ಅಪರೂಪ. ತೆಳ್ಳನೆ ಕೊಂಬು, ದಪ್ಪ ಬಾಲದ ಕೆಂಪು ಚೇಳು ಹೃದಯವನ್ನೇ ಕೆಡಿಸಬಲ್ಲದು, ಮಕ್ಕಳಿಗಂತೂ ತೀರ ಅಪಾಯ. ಇನ್ನೊಂದು ಪ್ರಾಣಿ ಚೇಳಿನಂತೆಯೇ ಕಾಣುತ್ತದೆ, ಆದರೆ ಬಾಲದ ಜಾಗದಲ್ಲಿ ಬರೀ ತೆಳು ಎಳೆ. ಅದಕ್ಕೆ ಕೊಂಡಿ ಇಲ್ಲ. ಕೆಣಕಿದರೆ ವಿನೆಗರ್ ವಾಸನೆಯ ದ್ರವ ಚಿಮ್ಮಿಸುತ್ತದೆ. ಕಣ್ಣಿಗೆ ಬಿದ್ದರೆ ಧಾರಾಳ ನೀರು ಹಾಕಿ ತೊಳೆಯಿರಿ.

ಸೌದೆಯನ್ನು ಬಚ್ಚಲ ಗೋಡೆಗೆ ಒರಗಿಸಿ ಪೇರಿಸುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಗೋಡೆಯಿಂದ ಎರಡು ಅಡಿ ಬಿಟ್ಟು, ಇಟ್ಟಿಗೆಯ ಮೇಲೆ ಅಡ್ಡಮರ ಹಾಕಿ ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಪೇರಿಸಿ. ತೊಗಟೆ ಸಡಿಲವಾದ ಸಿಲ್ವರ್ ಓಕ್ ಮರದ ತುಂಡನ್ನು ಒಳಗೆ ತರುವ ಮೊದಲು ನೆಲಕ್ಕೆ ಎರಡು ಸಲ ಕುಟ್ಟಿ. ಮೇಲಿನಿಂದಲೇ ತೆಗೆಯಿರಿ, ನಡುವಿನಿಂದ ಎಳೆಯಬೇಡಿ. ಹಿತ್ತಲಿನಲ್ಲಿ ಪೇರಿಸಿಟ್ಟ ಹಳೆ ಹಂಚು, ಕಣದ ಬದಿಯ ಗೋಣಿಚೀಲ ಮುಟ್ಟುವಾಗಲೂ ದಪ್ಪ ಗ್ಲೌಸ್ ಇರಲಿ. ಬಾಗಿಲಿನ ಅಡಿಯಲ್ಲಿ ಪೆನ್ಸಿಲ್ ತೂರುವಷ್ಟು ಸಂದಿಯಿದ್ದರೆ ಚೇಳಿಗೆ ಅದೇ ಹೆಬ್ಬಾಗಿಲು. ರಬ್ಬರ್ ಪಟ್ಟಿ ಹೊಡೆಸಿ, ಬಚ್ಚಲ ತೂಬಿಗೆ ಜಾಲರಿ ಹಾಕಿಸಿ. ಗಮ್‌ಬೂಟನ್ನು ಗೂಟಕ್ಕೆ ಬೋರಲು ಹಾಕಿಡಿ, ಹಾಕಿಕೊಳ್ಳುವ ಮುಂಚೆ ಕೊಡವಿ.

ಚೇಳು ಇದೆಯೋ ಇಲ್ಲವೋ ತಿಳಿಯಲು ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚ್ ತನ್ನಿ, 365ರಿಂದ 395 ನ್ಯಾನೋಮೀಟರ್‌ನದ್ದು. ಕತ್ತಲಾದ ಮೇಲೆ ಸೌದೆ, ಗೋಡೆಯ ಬಿರುಕು, ಮನೆ ಹಿಂದಿನ ಬರೆಯ (ಕಡಿದ ಮಣ್ಣಿನ ದಿಬ್ಬದ) ಮೇಲೆ ಬೆಳಕು ಬಿಟ್ಟರೆ ಚೇಳು ನೀಲಿ-ಹಸಿರಾಗಿ ಹೊಳೆಯುತ್ತದೆ. ಆಗಷ್ಟೇ ಪೊರೆ ಕಳಚಿದ್ದು ಮಾತ್ರ ಹೊಳೆಯುವುದಿಲ್ಲ. ಒಂದಡಿ ಉದ್ದದ ಇಕ್ಕಳದಲ್ಲಿ ಬಾಲ ಹಿಡಿದೆತ್ತಿ ಗಾಜಿನ ಬಾಟಲಿಗೆ ಹಾಕಿ. ನುಣುಪಾದ ಗಾಜನ್ನು ಅದು ಏರಲಾರದು.

ಕುಟುಕಿದರೆ ಉಂಗುರ, ಬಳೆ ಬಿಚ್ಚಿ, ಸೋಪುನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಡಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಮೈ ಬೆವರುವುದು, ಕೈಕಾಲು ತಣ್ಣಗಾಗುವುದು, ವಾಂತಿ, ಉಸಿರಾಟದ ತೊಂದರೆ, ಗಂಡುಮಕ್ಕಳಲ್ಲಿ ಜನನಾಂಗ ಸೆಟೆದು ನಿಲ್ಲುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆ. ಮಗುವಾದರೆ ಲಕ್ಷಣಕ್ಕೂ ಕಾಯಬೇಡಿ. ಮಳೆಗಾಲದಲ್ಲಿ 108ಕ್ಕೆ ಕರೆ ಸಿಗದಿದ್ದರೆ ಸಿಕ್ಕ ಜೀಪಿನಲ್ಲಿ ಹೊರಡಿ. ಕೆಂಪು ಚೇಳಿನ ವಿಷಕ್ಕೆ ಪ್ರಾಜೋಸಿನ್ ಮಾತ್ರೆ ಕೆಲಸ ಮಾಡುತ್ತದೆಂದು ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್. ರಕ್ತದೊತ್ತಡ ನೋಡಿಕೊಂಡು ಕೊಡಬೇಕಾದ ಔಷಧಿ ಅದು, ಮನೆಯಲ್ಲಿ ನುಂಗಿಸುವಂಥದ್ದಲ್ಲ. ಚೇಳನ್ನು ಹಿಡಿದೊಯ್ಯುವ ಸಾಹಸ ಬೇಡ, ಮೊಬೈಲಿನಲ್ಲಿ ಒಂದು ಫೋಟೋ ಸಾಕು.

ಉಣ್ಣೆ

ಬೇಸಿಗೆಯ ಒಣ ದಿನಗಳಲ್ಲಿ ಬಾಣೆಯಲ್ಲಿ (ಗದ್ದೆಗೆ ಸೇರಿದ ಗುಡ್ಡದ ಜಾಗ), ದನ ಮೇಯುವ ಹುಲ್ಲಿನಲ್ಲಿ, ಒಣಗಿದೆಲೆಯ ಮೇಲೆ ನಡೆದು ಬಂದವರು ಬಟ್ಟೆಯನ್ನು ಮಂಚದ ಮೇಲೆ ಎಸೆಯಬಾರದು. ಹೊರಗೇ ಕಳಚಿ ಬಿಸಿನೀರಿಗೆ ಹಾಕಿ, ಕಂಕುಳು, ಸೊಂಟ, ಮೊಣಕಾಲ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಅಂಟಿದ್ದನ್ನು ಸಪೂರ ಮೊನೆಯ ಚಿಮುಟದಲ್ಲಿ ಚರ್ಮಕ್ಕೆ ತಾಗಿಯೇ ಹಿಡಿದು, ತಿರುಚದೆ, ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಬೀಡಿಯಲ್ಲಿ ಸುಡುವುದು ಬೇಡ. ಹಿಂಸೆಗೊಂಡ ಉಣ್ಣೆ ತನ್ನ ಹೊಟ್ಟೆಯಲ್ಲಿರುವುದನ್ನು ಗಾಯಕ್ಕೇ ಕಕ್ಕಬಹುದು. ಉಗುರಿನಲ್ಲಿ ಕುಕ್ಕಬೇಡಿ. ತೆಗೆದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.

ಕಾರಣವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣೆಯಿಂದ ಹರಡುತ್ತದೆ, ಮುಂದೆ ನಮ್ಮ ಪಕ್ಕದ ವಯನಾಡಿನಲ್ಲೂ ಕಾಣಿಸಿಕೊಂಡಿತು. ಕಚ್ಚಿದ ಮೂರರಿಂದ ಎಂಟು ದಿನಗಳೊಳಗೆ ಏಕಾಏಕಿ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಉಣ್ಣೆಯ ವಿಷಯವನ್ನೇ ಮೊದಲು ಹೇಳಿ. ತೋಟದಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿಯಿಂದ ಬರುವ ಸ್ಕ್ರಬ್ ಟೈಫಸ್‌ನದ್ದು ಬೇರೆ ಕಥೆ: ಜ್ವರ ಬರುವುದು ಒಂದರಿಂದ ಮೂರು ವಾರ ಕಳೆದ ಮೇಲೆ, ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ, ನೋವಿರುವುದಿಲ್ಲ. ಕಂಕುಳು, ತೊಡೆಸಂದಿಯಲ್ಲಿ ಹುಡುಕದಿದ್ದರೆ ಸಿಗುವುದೂ ಇಲ್ಲ. ಡಾಕ್ಸಿಸೈಕ್ಲಿನ್‌ಗೆ ಇದು ಬಗ್ಗುತ್ತದೆ, ಮಾಮೂಲಿ ಅಮಾಕ್ಸಿಸಿಲಿನ್‌ಗೆ ಬಗ್ಗದು.

ನಾಯಿಗೆ ಮಾತ್ರ ಔಷಧಿ ಹಾಕಿ ಗೂಡನ್ನು ಬಿಟ್ಟರೆ ತಿಂಗಳೊಳಗೆ ಮತ್ತೆ ಉಣ್ಣೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಕೆಳಗುದುರಿ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಬಿರುಕನ್ನು ಸಿಮೆಂಟಿನಿಂದ ಮುಚ್ಚಿ, ಹಾಸಿದ ಗೋಣಿಯನ್ನು ಸುಟ್ಟುಬಿಡಿ, ಗೂಡಿಗೆ ಕುದಿಯುವ ನೀರು ಹೊಯ್ಯಿರಿ, ಎರಡು ವಾರಕ್ಕೊಮ್ಮೆ ಹೀಗೆಯೇ ಮಾಡಿ. ಔಷಧಿಯನ್ನು ಪಶುವೈದ್ಯರಿಂದಲೇ ನಾಯಿಯ ತೂಕಕ್ಕೆ ತಕ್ಕಂತೆ ಕೇಳಿ ಪಡೆಯಿರಿ. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವುದನ್ನು ನಾಯಿಗೆ ಹಾಕಿದ್ದರೆ ಅದು ಒಣಗುವವರೆಗೆ ಬೆಕ್ಕನ್ನು ಹತ್ತಿರ ಬಿಡಬೇಡಿ, ಬೆಕ್ಕಿಗಂತೂ ಹಾಕಲೇಬೇಡಿ. ನಾಯಿಗೆ ಒಗ್ಗುವ ಆ ಔಷಧಿ ಬೆಕ್ಕನ್ನು ಕೊಲ್ಲುತ್ತದೆ.