800 ಯಾರಿಗೆ ಬೇಕು ಎಂದವರಿಗೆ

ಚೌಕ ಮೂಗಿನ ಮೊದಲ ಮಾದರಿಯ ಮಾರುತಿ 800 ಒಂದನ್ನು ಹಳೆ ಕಾರುಗಳನ್ನು ಸರಿಮಾಡಿ ಮಾರುವ ಮೂಡಿಗೆರೆಯ ನನ್ನ ಶೆಡ್ಡಿಗೆ ಎಳೆದು ತಂದಾಗ ಪಕ್ಕದ ಟಿಂಕರಿಂಗ್ ಹುಡುಗ, ‘ಅಣ್ಣ, ಗುಜರಿಯವನಿಗೆ ಫೋನ್ ಮಾಡಲೇ?’ ಎಂದ. ಈಗ ಅವನ ಅಂಗಡಿಯ ಮುಂದೆಯೇ ಎರಡು 800 ನಿಂತಿವೆ.

ನನಗೆ ಬುದ್ಧಿ ಕಲಿಸಿದ್ದು ಪ್ರೀಮಿಯರ್ ಪದ್ಮಿನಿ ಕಾರು. ಕ್ರೋಮ್, ಸ್ಟಿಯರಿಂಗ್ ಪಕ್ಕದ ಕಾಲಂ ಗೇರು, ಸೀಟು ಎಂದು ಮೂರೂವರೆ ಲಕ್ಷ ಸುರಿದಿದ್ದೆ. ನೋಡಲು ಬಂದವರೆಲ್ಲ ಎಪ್ಪತ್ತರ ಆಸುಪಾಸಿನವರು. ಸ್ಟಿಯರಿಂಗ್ ಸವರಿ, ತಮ್ಮ ಮದುವೆ ದಿಬ್ಬಣದ ಕಥೆ ಹೇಳಿ, ನನ್ನ ಕಾಫಿ ಕುಡಿದು ಹೋದರು. ಆಸೆ ಅವರದು, ಚೆಕ್ ಪುಸ್ತಕ ಮಗನದು. ಮಗನಿಗೆ ಪದ್ಮಿನಿ ಎಂದರೆ ಮುಂಬೈ ಟ್ಯಾಕ್ಸಿ. ಎರಡು ಮಳೆಗಾಲ ನಿಂತು, ಎರಡು ಲಕ್ಷಕ್ಕೋ ಸ್ವಲ್ಪ ಹೆಚ್ಚಿಗೋ ಹೋಯಿತು.

ಅಂದಿನಿಂದ ಗಾಡಿಗಿಂತ ಮೊದಲು ಗಿರಾಕಿಯ ವಯಸ್ಸು ಕೇಳುತ್ತೇನೆ. ಚಡ್ಡಿ ಹಾಕುವ ಕಾಲದಲ್ಲಿ ಬಾಯಿ ಬಿಟ್ಟು ನೋಡಿದ ಕಾರನ್ನು ಮನುಷ್ಯ ನಲವತ್ತೈದರಲ್ಲಿ, ಕೈಯಲ್ಲಿ ದುಡ್ಡಾಡುವಾಗ ಹುಡುಕುತ್ತಾನೆ. 800 ಬಂದದ್ದು 1983ರ ಕೊನೆಗೆ, ಮಾರುತಿಯದೇ ಜಿಪ್ಸಿ 1985ರಲ್ಲಿ. ಲೆಕ್ಕ ನೀವೇ ಹಾಕಿ. ವಿಲ್ಲಿಸ್ ಜೀಪು ಮಾತ್ರ ಇದಕ್ಕೆ ಹೊರತು. ತೋಟದ ಮನೆಗಳಲ್ಲಿ ಅಜ್ಜನೂ ಮೊಮ್ಮಗನೂ ಕ್ಲಚ್ ಕಲಿತದ್ದು ಅದರಲ್ಲೇ.

‘ವಿಂಟೇಜ್ ಪಟ್ಟವೂ ಇಲ್ಲವಲ್ಲ’ ಎಂದು ಹಾಸನದ ಸ್ನೇಹಿತರು ನಕ್ಕರು. 2021ರ ನಿಯಮದಲ್ಲಿ ಅದಕ್ಕೆ 50 ವರ್ಷ ತುಂಬಿರಬೇಕು, ನಿಜ. ಆದರೆ ವಿಂಟೇಜ್ ನಂಬರು ಹಾಕಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ನನ್ನ ಗಿರಾಕಿಗೆ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ದೇವರಮನೆ ಬೆಟ್ಟಕ್ಕೆ ಹೋಗಬೇಕು. 2022ರಲ್ಲಿ ಹಳೆ ಕಾರುಗಳ ಆರ್‌ಸಿ ನವೀಕರಣ ಶುಲ್ಕ 600ರಿಂದ 5,000 ರೂಪಾಯಿ ಆದಾಗಲೂ ಯಾರೂ ಹಿಂದೆ ಸರಿಯಲಿಲ್ಲ.

ನಡುವೆ ತುಕ್ಕು ತೆಗೆಯಲು ಕಾಕಂಬಿ (ಸಕ್ಕರೆ ಕಾರ್ಖಾನೆಯ ಮೊಲಾಸಸ್) ಪ್ರಯೋಗ ಮಾಡಿದೆ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು, ಡ್ರಮ್ಮಿನಲ್ಲಿ ಎರಡು ವಾರ. ಬಾಗಿಲಿನ ಕಬ್ಬಿಣದ ಕೀಲುಗಳು ಬೂದು ಬಣ್ಣಕ್ಕೆ ಬಂದು ಹೊಸದರಂತಾದವು. ಹುಮ್ಮಸ್ಸಿನಲ್ಲಿ ಅಲ್ಯೂಮಿನಿಯಂ ಭಾಗಗಳನ್ನೂ ಮುಳುಗಿಸಿದೆ, ತಿಂದು ಹಾಕಿತು. ನಾಲ್ಕು ಸಾವಿರ ನಷ್ಟ. ವಾಸನೆಗೆ ಊರಿನ ದನಗಳೆಲ್ಲ ಶೆಡ್ಡಿನ ಬಾಗಿಲಿಗೆ.

ಆ 800 ಕೊಂಡದ್ದು ಮೂವತ್ತು ಸಾವಿರದೊಳಗೆ, ಖರ್ಚು ಎರಡು ಲಕ್ಷ ಮುಟ್ಟಿತು. ಹಳೆಯ ಟೇಲ್ ಲ್ಯಾಂಪ್ ಗಾಜು, ಸೀಟಿನ ಅದೇ ಬಣ್ಣದ ರೆಕ್ಸಿನ್ ಎಲ್ಲಿ ಸಿಗುತ್ತವೆಂದು ಕೇಳಬೇಡಿ, ಹೇಳುವುದಿಲ್ಲ.

ಕೊಳ್ಳಲು ಬಂದವರು ಆಲ್ದೂರು ಕಡೆಯ ಬೆಳೆಗಾರರೊಬ್ಬರು, ವಯಸ್ಸು ನಲವತ್ತೇಳು. ಬಾನೆಟ್ ಎತ್ತಿಸಲಿಲ್ಲ, ಸ್ಟಾರ್ಟ್ ಮಾಡಿ ಎನ್ನಲೂ ಇಲ್ಲ. ಹಿಂದಿನ ಬಾಗಿಲು ತೆರೆದು, ಮಂಡಿ ಮಡಚಿ, ಎಡಗಡೆಯ ಮೂಲೆಗೆ ಸರಿದು ಕುಳಿತರು. ‘ಇಲ್ಲಿ ಕುಳಿತೇ ಶಾಲೆಗೆ ಹೋಗುತ್ತಿದ್ದೆ. ಮುಂದಿನ ಸೀಟು ಅಕ್ಕನದು.’ ಮೂರೂವರೆ ಲಕ್ಷ ಹೇಳಬೇಕೆಂದಿದ್ದ ಬಾಯಿ ನಾಲ್ಕು ಎಂದಿತು. ಮೂರು ಮುಕ್ಕಾಲಿಗೆ ಮುಗಿಯಿತು.

ಈಗ ಮಾರುತಿ ಝೆನ್ ಸರದಿ. 1993ರ ಗಾಡಿ, ಅದನ್ನು ಕನಸಿನಲ್ಲಿ ಓಡಿಸಿದವರು ನಲವತ್ತು ದಾಟುತ್ತಿದ್ದಾರೆ. ಮೂರು ಹಿಡಿದು ಹಾಕಿದ್ದೇನೆ. ಒಂದರ ನೆಲದಲ್ಲಿ ಕೈ ತೂರುವಷ್ಟು ತೂತು. ಟಿಂಕರಿಂಗ್ ಹುಡುಗ ಈ ಸಲ ಗುಜರಿಯ ಮಾತೆತ್ತಲಿಲ್ಲ, ಒಂದನ್ನು ತನಗೆ ಕೊಡಿ ಎನ್ನುತ್ತಿದ್ದಾನೆ.