ಸಂಬಂಧಿಕರೊಳಗಿನ ದತ್ತು: ಪತ್ರ ಬರೆಯುವ ಮುಂಚಿನ ಮಾತು

ಹಾಸನದಲ್ಲಿ ನಾನು ನಡೆಸುವ ಕೌಟುಂಬಿಕ ಪ್ರಕರಣಗಳಲ್ಲಿ ಹೆಚ್ಚಿನವು ಸಂಬಂಧಿಕರೊಳಗಿನ ದತ್ತುವಿನವು. ಮಕ್ಕಳಿಲ್ಲದ ಅಣ್ಣನಿಗೆ ತಮ್ಮನ ಮಗ, ಅಕ್ಕನಿಗೆ ತಂಗಿಯ ಮಗಳು, ಹೀಗೆ. ಎಲ್ಲ ಮಾತೂ ಮುಗಿದಿದೆ, ಪತ್ರವೊಂದನ್ನು ಬರೆದುಕೊಡಿ ಎಂದೇ ಎರಡೂ ಮನೆಯವರು ಬರುತ್ತಾರೆ. ವಿಚಾರಿಸಿದರೆ ಮುಗಿದಿರುವುದು ಮುಹೂರ್ತದ ಮಾತು ಮಾತ್ರ.

ನಾನು ಅನುಸರಿಸುವುದು ಸಹಯೋಗಿ ಪದ್ಧತಿಯನ್ನು. ಕೊಡುವವರಿಗೊಬ್ಬ, ತೆಗೆದುಕೊಳ್ಳುವವರಿಗೊಬ್ಬ ವಕೀಲರಿದ್ದು ಎಲ್ಲರೂ ಒಟ್ಟಿಗೆ ಕುಳಿತು ಮಾತನಾಡುತ್ತೇವೆ. ಮಾತು ಮುರಿದು ವ್ಯಾಜ್ಯವಾದರೆ ಇಬ್ಬರು ವಕೀಲರೂ ಹಿಂದೆ ಸರಿಯಬೇಕೆಂದು ಮೊದಲೇ ಬರೆದು ಸಹಿ ಮಾಡುತ್ತೇವೆ. 1990ರಲ್ಲಿ ಅಮೆರಿಕದ ಮಿನ್ನೆಸೋಟಾದ ವಕೀಲ ಸ್ಟು ವೆಬ್ ವಿಚ್ಛೇದನಗಳಿಗಾಗಿ ಆರಂಭಿಸಿದ ಕ್ರಮವಿದು. ನಮ್ಮಲ್ಲಿ ಇದಕ್ಕೆ ಪ್ರತ್ಯೇಕ ಕಾಯ್ದೆಯಿಲ್ಲ, ಕಕ್ಷಿದಾರರ ಒಪ್ಪಂದವೇ ಆಧಾರ. ಆದರೂ ವಿಚ್ಛೇದನಕ್ಕಿಂತ ದತ್ತುವಿಗೇ ಇದು ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ; ಏಕೆಂದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 15ನೇ ಕಲಮಿನಂತೆ, ಕ್ರಮಬದ್ಧವಾಗಿ ನಡೆದ ದತ್ತುವನ್ನು ಸ್ವೀಕರಿಸಿದವರು ರದ್ದುಪಡಿಸುವಂತಿಲ್ಲ, ಮಗುವೂ ಹುಟ್ಟಿದ ಮನೆಗೆ ಮರಳುವಂತಿಲ್ಲ.

ಅರ್ಹತೆಯ ಪ್ರಶ್ನೆಗಳು ಬೇಗ ಮುಗಿಯುತ್ತವೆ: ಮಗುವಿಗೆ 15 ವರ್ಷ ತುಂಬಿರಬಾರದು, ಸಂಗಾತಿಯ ಒಪ್ಪಿಗೆ ಬೇಕು, ಗಂಡುಮಗುವನ್ನು ಪಡೆಯುವವರಿಗೆ ಮಗನಾಗಲಿ ಮಗನ ಮಗನಾಗಲಿ ಇರಬಾರದು. ಮುಸ್ಲಿಂ, ಕ್ರೈಸ್ತ ಕುಟುಂಬಗಳದ್ದು ಬೇರೆ ದಾರಿ; ಅವರು ಬಾಲನ್ಯಾಯ ಕಾಯ್ದೆಯಡಿ ಬರಬೇಕು, ಅಲ್ಲಿ 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ನೀಡುವವರು ಜಿಲ್ಲಾಧಿಕಾರಿ.

ಸಮಯ ಹಿಡಿಯುವುದು ಆಸ್ತಿಯ ವಿಷಯ. ಸಕಲೇಶಪುರದ ಕಡೆಯ ತೋಟದ ಮನೆಗಳಲ್ಲಿ, ಮಗನನ್ನು ಕೊಟ್ಟರೆ ದೊಡ್ಡಪ್ಪನ ಕಾಫಿ ತೋಟ ಅವನಿಗೇ ಖಾತ್ರಿ ಎಂಬ ನಂಬಿಕೆ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ಮನಸ್ಸಿನಲ್ಲಿರುತ್ತದೆ. ಕಾಯ್ದೆಯ 13ನೇ ಕಲಮು ಹಾಗೆನ್ನುವುದಿಲ್ಲ: ಬೇರೆ ಒಪ್ಪಂದವಿಲ್ಲದಿದ್ದರೆ, ದತ್ತು ತಂದೆ ತನ್ನ ಆಸ್ತಿಯನ್ನು ಮಾರಲೂ ಉಯಿಲು ಬರೆಯಲೂ ಸ್ವತಂತ್ರ. ಇದನ್ನು ಓದಿ ಹೇಳಿದಾಗ ಕೊಡುವ ತಾಯಿಯ ಮುಖ ನೋಡಲು ಕಷ್ಟವಾಗುತ್ತದೆ, ಆದರೂ ಓದಲೇಬೇಕು. ಮಗುವಿನ ಹಕ್ಕನ್ನು ಕಾಪಾಡುವ ಒಪ್ಪಂದಕ್ಕೆ ಆ ಕಲಮೇ ಅವಕಾಶ ಕೊಡುತ್ತದೆ. ಅದನ್ನು ಬರೆಯೋಣ ಎನ್ನುತ್ತೇನೆ. ಆದರೆ ಮಗುವನ್ನು ಕೊಟ್ಟದ್ದಕ್ಕೆ ಹೆತ್ತವರ ಸಾಲ ತೀರಿಸುವ, ಅವರ ಹೆಸರಿಗೆ ಜಮೀನು ಬರೆಯುವ ಮಾತೆದ್ದರೆ ಸಭೆಯನ್ನು ಅಲ್ಲಿಗೇ ನಿಲ್ಲಿಸುತ್ತೇನೆ, ಏಕೆಂದರೆ ದತ್ತುವಿಗೆ ಪ್ರತಿಫಲ ಪಡೆಯುವುದು 17ನೇ ಕಲಮಿನಡಿ 6 ತಿಂಗಳವರೆಗೆ ಸೆರೆವಾಸಕ್ಕೆ ಗುರಿಯಾಗಿಸುವ ಅಪರಾಧ. ಅಜ್ಜಿ ಮೊದಲೇ ಮಗುವಿನ ಹೆಸರಿಗೆ ದಾನಪತ್ರ ಮಾಡಿದ್ದರೆ ಆ ಆಸ್ತಿ ಮಗುವಿನೊಂದಿಗೇ ಹೋಗುತ್ತದೆ. ಹುಟ್ಟಿದ ಮನೆಯವರಿಗೆ ಇದನ್ನು ಒಪ್ಪಿಸುವುದಕ್ಕೂ ಒಂದು ಸಭೆ ಬೇಕಾದೀತು.

ತಿಳಿವಳಿಕೆ ಬಂದ ಮಗುವಿದ್ದರೆ ಹಿರಿಯರನ್ನು ಹೊರಗೆ ಕೂರಿಸಿ ಮಾತನಾಡಿಸುತ್ತೇನೆ. 1956ರ ಕಾಯ್ದೆ ಮಗುವಿನ ಒಪ್ಪಿಗೆಯನ್ನು ಕೇಳುವುದಿಲ್ಲ, ಅದು ಆ ಕಾಯ್ದೆಯ ಕೊರತೆಯೆಂದೇ ನಾನು ಭಾವಿಸುತ್ತೇನೆ. ಮಕ್ಕಳ ಪ್ರಶ್ನೆಗಳು ಆಸ್ತಿಯ ಕುರಿತಾಗಿರುವುದಿಲ್ಲ. ರಜೆಗೆ ತಂಗಿಯನ್ನು ನೋಡಲು ಹೋಗಬಹುದೇ, ಅಮ್ಮನನ್ನು ಇನ್ನು ಏನೆಂದು ಕರೆಯಬೇಕು ಎಂದು ಕೇಳುತ್ತಾರೆ. ಉತ್ತರವನ್ನು ಎರಡೂ ಮನೆಯವರಿಂದ ಒಟ್ಟಿಗೆ ಹೇಳಿಸುತ್ತೇನೆ.

ಇಷ್ಟಾದ ಮೇಲೆ ಪತ್ರ. ದತ್ತಹೋಮ ಕಡ್ಡಾಯವಲ್ಲ, ಮಗುವನ್ನು ಕೊಟ್ಟು ತೆಗೆದುಕೊಂಡ ಕ್ರಿಯೆ ಮಾತ್ರ ನಿಜವಾಗಿ ನಡೆದಿರಬೇಕು. ಆದ್ದರಿಂದ ಅದು ನಡೆದ ದಿನ, ಸ್ಥಳ, ಸಾಕ್ಷಿಗಳನ್ನು ಪತ್ರದಲ್ಲಿ ಕಾಣಿಸುತ್ತೇನೆ. ಕೊಟ್ಟವರೂ ತೆಗೆದುಕೊಂಡವರೂ ಸಹಿ ಮಾಡಿ ಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದರೆ, ದತ್ತು ಕ್ರಮಬದ್ಧವಾಗಿದೆಯೆಂದು ನ್ಯಾಯಾಲಯ ಭಾವಿಸಬೇಕಾಗುತ್ತದೆ, ಅಲ್ಲಗಳೆಯುವ ಹೊರೆ ತಕರಾರು ಮಾಡುವವರ ಮೇಲೆ ಬೀಳುತ್ತದೆ.